ಒಂದು ಯಂತ್ರದ ಚಿತ್ರ ಇನ್ನೊಂದಕ್ಕೆ ತಲುಪಿದ ಬಗೆ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಗ್ರಂಥಾಲಯದ ಕಪಾಟನ್ನು ಒಪ್ಪಮಾಡುತ್ತಿದ್ದಾಗ ಹಳೆಯ ಸ್ಮರಣ ಸಂಚಿಕೆಗಳ ಕಟ್ಟಿನ ನಡುವೆ ಒಂದು ಸಿ.ಡಿ. ದೊರೆಯಿತು. ಅದರ ಮೇಲೆ ಮಾಸಿದ ಶಾಯಿಯಲ್ಲಿ ‘ಗದಾಯುದ್ಧ ನಾಟಕ, 1997, ಫೋಟೋಗಳು’ ಎಂದಷ್ಟೇ ಬರೆದಿತ್ತು. ಆ ವರ್ಷದ ಸಂಚಿಕೆಯನ್ನು ಅಚ್ಚುಮಾಡಿದವರು ಕೊಟ್ಟುಹೋದದ್ದಂತೆ. ಆ ನಾಟಕದಲ್ಲಿ ದುರ್ಯೋಧನನಾಗಿದ್ದ ಹಿರಿಯ ಸದಸ್ಯರು ಈಗಿಲ್ಲ. ಸುದ್ದಿ ಹೇಗೋ ಅವರ ಶ್ರೀಮತಿಯವರಿಗೆ ತಿಳಿದು, “ಮನೆಯಲ್ಲಿದ್ದ ಆಲ್ಬಮ್ ಎಲ್ಲಾ ನೀರು ಸೋರಿ ಹಾಳಾಯ್ತಪ್ಪಾ. ವೇಷದಲ್ಲಿ ಅವರದ್ದು ಒಂದೂ ಫೋಟೋ ಇಲ್ಲ. ಅದರಲ್ಲಿದ್ದರೆ ತೆಗೆದುಕೊಡು” ಎಂದು ನನ್ನನ್ನು ಕೇಳಿದರು. ಬಿ.ಎಸ್ಸಿ. ಓದಿದವನೆಂಬ ಒಂದೇ ಕಾರಣಕ್ಕೆ ಸಂಘದಲ್ಲಿ ಫ್ಯೂಸ್ ಹೋದರೂ ಮೈಕ್ ಕೆಟ್ಟರೂ ನನ್ನನ್ನೇ ಕರೆಯುವುದು ವಾಡಿಕೆ.

ಸಿ.ಡಿ.ಯಲ್ಲಿ 23 ಕಡತಗಳಿದ್ದವು. ಯಾವುದರ ಹೆಸರಿನ ಮುಂದೆಯೂ ಚುಕ್ಕಿಯಿಲ್ಲ, ಚುಕ್ಕಿಯ ಮುಂದಿರಬೇಕಾದ ಮೂರಕ್ಷರವೂ ಇಲ್ಲ. ತೆರೆಯಹೋದರೆ ‘ಇದನ್ನು ಯಾವುದರಿಂದ ತೆರೆಯಲಿ?’ ಎಂದು ಗಣಕವು ನನ್ನನ್ನೇ ಕೇಳಿತು. ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಬಾಳಿದವನಿಗೆ ವಿಷಯ ಸೂಚನೆಯಿಲ್ಲದ ಕಡತವನ್ನು ಕಂಡಾಗ ಆಗುವ ಕಸಿವಿಸಿ ಆಯಿತು. ಇದು ಹೀಗೇಕಾಯಿತೆಂದು ಹುಡುಕುತ್ತ ಹೋದವನಿಗೆ ಒಂದು ಚರಿತ್ರೆಯೇ ಎದುರಾಯಿತು. ಅದನ್ನೇ ಓದುಗರ ಮುಂದಿಡುತ್ತಿದ್ದೇನೆ.

ಇಂದು ನಾವು ಒಂದು ಫೋನಿನಿಂದ ಇನ್ನೊಂದಕ್ಕೆ ಮದುವೆಯ ಚಿತ್ರಗಳನ್ನು ಅಟ್ಟುವಾಗ, ಆಚೆಯವರ ಯಂತ್ರ ಯಾವುದೆಂದು ಯೋಚಿಸುವುದೇ ಇಲ್ಲ. 1984ರಲ್ಲಿ ಪರಿಸ್ಥಿತಿ ಹಾಗಿರಲಿಲ್ಲ. ಆ ವರ್ಷ ಆಪಲ್ ಕಂಪನಿಯ ಮೆಕಿಂಟಾಷ್ ಗಣಕ ಬಂತು. ಅದರ ಜೊತೆಯಲ್ಲೇ ಮ್ಯಾಕ್‌ಪೇಂಟ್ ಎಂಬ ಚಿತ್ರ ಬರೆಯುವ ಸಾಧನವೂ ಬಂತು. ಅಡ್ಡಕ್ಕೆ 576, ಉದ್ದಕ್ಕೆ 720 ಚುಕ್ಕಿಗಳ ಕಪ್ಪು ಬಿಳುಪಿನ ಚಿತ್ರ. ಇತ್ತ ಐ.ಬಿ.ಎಂ. ಮಾದರಿಯ ಗಣಕಗಳಲ್ಲಿ ಡಾಸ್ ವ್ಯವಸ್ಥೆ. ಅಲ್ಲಿ ಝಡ್‌ಸಾಫ್ಟ್ ಕಂಪನಿಯ ಪಿ.ಸಿ.ಎಕ್ಸ್. ಮಾದರಿಯ ಚಿತ್ರಗಳು. ಮುಂದೆ ವಿಂಡೋಸ್‌ಗೆ ಬಿ.ಎಂ.ಪಿ. ಎಂಬ ಮಾದರಿ ಬಂತು. ಅದರಲ್ಲಿ ಚಿತ್ರದ ಸಾಲುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಬರೆದಿಡುತ್ತಾರೆ. ತಿಳಿಯದೆ ಓದಿದರೆ ವರನ ಪೇಟ ಕೆಳಗೆ, ಪಾದ ಮೇಲೆ!

ಮೊದಲ ಅಡ್ಡಿ ಫ್ಲಾಪಿಯದೇ. ಎರಡು ಕಡೆಯೂ ಮೂರೂವರೆ ಅಂಗುಲದ ಫ್ಲಾಪಿ ಬಳಸುತ್ತಿದ್ದರೂ ಮೆಕಿಂಟಾಷಿನ 400 ಮತ್ತು 800 ಕಿಲೋಬೈಟಿನ ಫ್ಲಾಪಿಗಳು ಒಳಸುತ್ತಿಗೂ ಹೊರಸುತ್ತಿಗೂ ಬೇರೆಬೇರೆ ವೇಗದಲ್ಲಿ ತಿರುಗುತ್ತಿದ್ದವು. ಐ.ಬಿ.ಎಂ. ಮಾದರಿಯ ಯಂತ್ರಕ್ಕೆ ಅದನ್ನು ಓದುವ ಶಕ್ತಿಯೇ ಇರಲಿಲ್ಲ. ಎರಡೂ ಬಗೆಯನ್ನು ಓದಬಲ್ಲ ಡ್ರೈವ್ ಮೆಕಿಂಟಾಷಿನಲ್ಲಿ ಬಂದದ್ದು 1988ರಲ್ಲಿ.

ಎರಡನೆಯ ಅಡ್ಡಿ ಹೆಚ್ಚು ಸ್ವಾರಸ್ಯದ್ದು. ನಮ್ಮ ಮೇಳಕರ್ತ ರಾಗಗಳ ಹೆಸರಿನಲ್ಲೇ ಅವುಗಳ ಸಂಖ್ಯೆ ಅಡಗಿದೆಯೆಂಬುದನ್ನು ಸಂಗೀತಾಸಕ್ತರು ಬಲ್ಲರು. ಧೀರಶಂಕರಾಭರಣದಲ್ಲಿ ‘ಧೀ’ ಎಂದರೆ 9, ‘ರ’ ಎಂದರೆ 2. ಆದರೆ ಅದು 92ನೆಯ ಮೇಳವಲ್ಲ, 29ನೆಯದು. ಬಿಡಿಯ ಸ್ಥಾನವನ್ನು ಮೊದಲು ಹೇಳಿ ಹತ್ತರ ಸ್ಥಾನವನ್ನು ಆಮೇಲೆ ಹೇಳುವುದು ಅಲ್ಲಿಯ ಕ್ರಮ. ಶಾಸನಗಳಲ್ಲಿ ಶಕವರ್ಷವನ್ನು ಪದಗಳಿಂದ ಸೂಚಿಸುವಾಗಲೂ ಇದೇ ರೂಢಿಯುಂಟು. ಕ್ರಮ ಗೊತ್ತಿಲ್ಲದವನು ಓದಿದರೆ ಕೆಟ್ಟ. ಗಣಕಗಳಲ್ಲೂ ಇದೇ ಕಥೆ. ಇಂಟೆಲ್ ಚಿಪ್ಪು ಒಂದು ಸಂಖ್ಯೆಯ ಸಣ್ಣ ಭಾಗವನ್ನು ಮೊದಲು ಬರೆದಿಡುತ್ತದೆ. ಅಂದಿನ ಮೆಕಿಂಟಾಷಿನೊಳಗಿದ್ದ ಮೋಟೊರೋಲಾ ಚಿಪ್ಪು ದೊಡ್ಡ ಭಾಗವನ್ನು ಮೊದಲು ಬರೆಯುತ್ತಿತ್ತು. ಚಿತ್ರದ ಅಗಲ 640 ಚುಕ್ಕಿ ಎಂದಿಟ್ಟುಕೊಳ್ಳಿ. ಅದು ಎರಡು ಬೈಟುಗಳಲ್ಲಿ 2 ಮತ್ತು 128 ಎಂದಾಗುತ್ತದೆ (256ರ ಎರಡರಷ್ಟು, ಜೊತೆಗೆ 128). ಇದನ್ನೇ ತಿರುವುಮುರುವಾಗಿ ಓದಿದ ಯಂತ್ರಕ್ಕೆ ಚಿತ್ರದ ಅಗಲ 32770 ಚುಕ್ಕಿ! ಈ ಜಗಳಕ್ಕೆ 1980ರಲ್ಲಿ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ಹೆಸರಿಟ್ಟದ್ದು ಗಲಿವರನ ಪ್ರವಾಸಕಥೆಯಿಂದ. ಅಲ್ಲಿ ಬೇಯಿಸಿದ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಚೂಪು ತುದಿಯಿಂದಲೋ ಎಂದು ಎರಡು ರಾಜ್ಯಗಳು ಕಾದಾಡುತ್ತವೆ.

ಈ ಜಗಳಕ್ಕೆ ರಾಜಿಸೂತ್ರ ಹುಡುಕಿದ ಮೊದಲಿಗರಲ್ಲಿ ಸಿಯಾಟಲ್ ನಗರದ ಆಲ್ಡಸ್ ಕಂಪನಿಯೂ ಒಂದು. ಪುಟವಿನ್ಯಾಸದ ಪೇಜ್‌ಮೇಕರ್ ಇವರದೇ. 1986ರಲ್ಲಿ ಇವರು ಹೊರತಂದ ಟಿಫ್ ಮಾದರಿಯ ಕಡತದ ಮೊದಲ ಎರಡು ಅಕ್ಷರಗಳು ‘ಐ ಐ’ ಎಂದಿದ್ದರೆ ಇಂಟೆಲ್ ಕ್ರಮ, ‘ಎಂ ಎಂ’ ಎಂದಿದ್ದರೆ ಮೋಟೊರೋಲಾ ಕ್ರಮ. ಓದುವವನು ಮೊದಲು ಅದನ್ನು ನೋಡಿ ಮುಂದುವರಿಯಬೇಕು. ಯಾರನ್ನೂ ಬದಲಾಗೆಂದು ಒತ್ತಾಯಿಸದ ಈ ಉಪಾಯ ನನಗೆ ಬಹಳ ಹಿಡಿಸಿತು. ಆದರೆ ಟಿಫ್ ಎಲ್ಲರನ್ನೂ ಮೆಚ್ಚಿಸಹೊರಟು ಎಷ್ಟೊಂದು ಒಳಬಗೆಗಳಿಗೆ ಅವಕಾಶ ಕೊಟ್ಟಿತೆಂದರೆ, ಒಬ್ಬರು ಬರೆದ ಟಿಫ್ ಮತ್ತೊಬ್ಬರಲ್ಲಿ ತೆರೆಯದೆ, ಆ ಹೆಸರನ್ನೇ ‘ಸಾವಿರಾರು ಹೊಂದಾಣಿಕೆಯಿಲ್ಲದ ಕಡತಗಳು’ ಎಂದು ಬಿಡಿಸಿ ಜನ ನಗೆಯಾಡಿದರು.

1987ರ ಜೂನ್‌ನಲ್ಲಿ ಜಿಫ್ ಬಂತು. ಅಮೆರಿಕದ ಕಂಪ್ಯೂಸರ್ವ್ ಎಂಬ ಸಂಸ್ಥೆ ದೂರವಾಣಿಯ ತಂತಿಯ ಮೂಲಕ ಚಂದಾದಾರರಿಗೆ ಮಾಹಿತಿ ಒದಗಿಸುತ್ತಿತ್ತು. ಆ ಚಂದಾದಾರರಲ್ಲಿ ಒಬ್ಬರ ಮನೆಯಲ್ಲಿ ಅಟಾರಿ, ಒಬ್ಬರಲ್ಲಿ ಕೊಮೊಡೋರ್, ಇನ್ನೊಬ್ಬರಲ್ಲಿ ಆಪಲ್, ಮತ್ತೊಬ್ಬರಲ್ಲಿ ಐ.ಬಿ.ಎಂ. ಎಲ್ಲರಿಗೂ ಒಂದೇ ಬಣ್ಣದ ಚಿತ್ರ ಕಾಣಿಸಬೇಕು, ನಿಧಾನವಾದ ತಂತಿಯಲ್ಲಿ ಬೇಗ ಇಳಿಯಲೂ ಬೇಕು. ಸ್ಟೀವ್ ವಿಲ್‌ಹೈಟ್ ಮತ್ತವರ ತಂಡ ರೂಪಿಸಿದ ಜಿಫ್‌ನ ಪೂರ್ಣ ಹೆಸರಿನಲ್ಲೇ ‘ವಿನಿಮಯ’ ಎಂಬ ಮಾತಿದೆ. 256 ಬಣ್ಣಗಳ ಮಿತಿಯಿದ್ದರೂ ಅದು ಎಲ್ಲೆಡೆ ಹಬ್ಬಿತು. ಅದರ ರಚನೆಯನ್ನು ಕಂಪನಿ ಬಹಿರಂಗಪಡಿಸಿದ್ದೇ ಮುಖ್ಯ ಕಾರಣ.

ಆದರೆ ಅದರೊಳಗೊಂದು ಮುಳ್ಳಿತ್ತು. ಚಿತ್ರವನ್ನು ಕುಗ್ಗಿಸಲು ಅವರು ಬಳಸಿದ ವಿಧಾನವನ್ನು ಟೆರಿ ವೆಲ್ಚ್ 1984ರಲ್ಲಿ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅದೇ ವಿಧಾನಕ್ಕೆ ಸ್ಪೆರಿ ಕಂಪನಿ 1985ರ ಡಿಸೆಂಬರಿನಲ್ಲಿ ಪೇಟೆಂಟ್ ಪಡೆದಿತ್ತು. ಮರುವರ್ಷ ಸ್ಪೆರಿಯು ಬರೋಸ್ ಜೊತೆಗೂಡಿ ಯುನಿಸಿಸ್ ಆಯಿತು. ಜಿಫ್ ಲೋಕವನ್ನೆಲ್ಲ ಸುತ್ತಿದ ಮೇಲೆ, 1994ರ ಡಿಸೆಂಬರ್ ಕೊನೆಯ ವಾರದಲ್ಲಿ, ಜಿಫ್ ತಯಾರಿಸುವ ತಂತ್ರಾಂಶಗಳು ಇನ್ನು ಪರವಾನಗಿ ಶುಲ್ಕ ಕಟ್ಟಬೇಕೆಂಬ ಪ್ರಕಟಣೆ ಹೊರಬಿತ್ತು. ಊರಿನವರೆಲ್ಲ ಓಡಾಡಿ ಸವೆದ ಕಾಲುದಾರಿಗೆ ಒಡೆಯನೊಬ್ಬ ಪತ್ರ ಹಿಡಿದು ಬಂದು ಗೇಟು ಹಾಕಿದ ಹಾಗೆ! ಕಾಯಿದೆಯ ಪ್ರಕಾರ ಯುನಿಸಿಸ್ ಮಾಡಿದ್ದು ತಪ್ಪಲ್ಲದಿರಬಹುದು; ಏಳು ವರ್ಷ ಸುಮ್ಮನಿದ್ದು ಆಮೇಲೆ ಕೇಳಿದ್ದು ನನ್ನ ಮನಸ್ಸಿಗಂತೂ ಒಪ್ಪುವುದಿಲ್ಲ.

ಪ್ರಕಟಣೆ ಬಂದ ಒಂದೇ ವಾರದಲ್ಲಿ, 1995ರ ಜನವರಿ 4ರಂದು, ಥಾಮಸ್ ಬೌಟೆಲ್ ಎಂಬವರು ಹೊಸ ಮಾದರಿಯೊಂದರ ಕರಡನ್ನು ಅಂತರ್ಜಾಲದ ಬಳಗವೊಂದರ ಮುಂದಿಟ್ಟರು. ಯಾರ ಸಂಬಳವೂ ಇಲ್ಲದೆ, ಹಲವರು ಪರಸ್ಪರ ಮುಖವನ್ನೂ ನೋಡದೆ, ಮಿಂಚಂಚೆಯಲ್ಲೇ ವಾದಿಸಿ ತಿದ್ದಿ ಅದನ್ನು ಮುಗಿಸಿದರು. 1996ರ ಅಕ್ಟೋಬರ್ 1ರಂದು ವಿಶ್ವವ್ಯಾಪಿ ಜಾಲದ ಒಕ್ಕೂಟ ಅದಕ್ಕೆ ಮನ್ನಣೆ ನೀಡಿತು. ಅದೇ ಪಿ.ಎನ್.ಜಿ.

ಈ ಪಿ.ಎನ್.ಜಿ. ಕಡತದ ಮೊದಲ ಎಂಟು ಬೈಟುಗಳನ್ನು ನೋಡಿ ನಾನು ಬೆರಗಾದೆ. ಅವು ಹೀಗಿವೆ: 137, 80, 78, 71, 13, 10, 26, 10. ಅಂದಿನ ವ್ಯವಸ್ಥೆಗಳ ಜಗಳಗಳೆಲ್ಲ ಈ ಎಂಟು ಅಂಕಿಗಳಲ್ಲಿ ದಾಖಲಾಗಿವೆ. ಕೆಲವು ಮಿಂಚಂಚೆ ಮಾರ್ಗಗಳು ಪ್ರತಿ ಬೈಟಿನ ಎಂಟನೆಯ ಬಿಟ್ಟನ್ನು ಕತ್ತರಿಸಿಬಿಡುತ್ತಿದ್ದವು. ಹಾಗಾದರೆ 137 ಎಂಬುದು 9 ಆಗಿಬಿಡುತ್ತದೆ, ಕಳ್ಳತನ ಸಿಕ್ಕಿಬೀಳುತ್ತದೆ. ಮುಂದಿನ ಮೂರು ‘ಪಿ, ಎನ್, ಜಿ’ ಅಕ್ಷರಗಳು. ಬರೆಹದಲ್ಲಿ ಸಾಲು ಮುಗಿಯಿತೆಂದು ಸೂಚಿಸಲು ಡಾಸ್ 13, 10 ಎರಡನ್ನೂ ಬಳಸಿದರೆ, ಯುನಿಕ್ಸ್ ಬರಿಯ 10ನ್ನೂ ಹಳೆಯ ಮೆಕಿಂಟಾಷ್ ಬರಿಯ 13ನ್ನೂ ಬಳಸುತ್ತಿದ್ದವು. ಚಿತ್ರವನ್ನು ಬರೆಹವೆಂದು ತಪ್ಪುತಿಳಿದ ಯಂತ್ರ, ಸಾಗಿಸುವಾಗ ಇವನ್ನು ‘ತಿದ್ದಿ’ ಚಿತ್ರವನ್ನೇ ಕೆಡಿಸುತ್ತಿತ್ತು. ಐದು ಮತ್ತು ಆರನೆಯ ಬೈಟುಗಳು 13, 10. ಕೊನೆಯದು ಬರಿಯ 10. ಯಾವ ಕಡೆಗೆ ತಿದ್ದಿದರೂ ಒಂದಲ್ಲ ಒಂದು ಬದಲಾಗಿರುತ್ತದೆ. ನಡುವಿನ 26 ಡಾಸ್‌ನಲ್ಲಿ ಬರೆಹ ಮುಗಿಯಿತೆಂಬ ಗುರುತು. ಯಾರಾದರೂ ತಿಳಿಯದೆ ಚಿತ್ರವನ್ನು ಬರೆಹದಂತೆ ಪರದೆಯ ಮೇಲೆ ತೋರಿಸಹೋದರೆ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ಗೋಪ್ಯ ಲಕೋಟೆಗೆ ಅರಗಿನ ಮೊಹರು ಒತ್ತುವುದಿಲ್ಲವೇ? ಮೊಹರು ಒಡೆದಿದ್ದರೆ ದಾರಿಯಲ್ಲಿ ಯಾರೋ ಕೈಹಾಕಿದ್ದಾರೆಂದು ತೆರೆಯುವ ಮೊದಲೇ ತಿಳಿಯುತ್ತದೆ. ಇದೂ ಅಂಥದೇ ಮೊಹರು.

ಇನ್ನೊಂದು ಸೂಕ್ಷ್ಮವೂ ಅದರಲ್ಲಿತ್ತು. ಮೆಕಿಂಟಾಷಿನ ಪರದೆಯ ಬೆಳಕಿನ ಹದ ಬೇರೆ, ಉಳಿದವರದು ಬೇರೆ. ಅಲ್ಲಿ ಸರಿಯಾಗಿ ಕಂಡ ಚಿತ್ರ ಇಲ್ಲಿ ಮಂಕಾಗಿ ಕಾಣುತ್ತಿತ್ತು. ಪಿ.ಎನ್.ಜಿ.ಯಲ್ಲಿ ಆ ಹದವನ್ನೂ ಬರೆದಿಡಲು ಜಾಗ ಮಾಡಿದರು. ಆಪಲ್ ತನ್ನ ಹದವನ್ನು ಉಳಿದವರಿಗೆ ಹೊಂದಿಸಿಕೊಂಡದ್ದು 2009ರಲ್ಲಿ.

ಫೋಟೋಗಳ ಮಾತು ಬಂದಾಗ ಕನ್ನಡಿಗರು ನೆನೆಯಲೇಬೇಕಾದ ಹೆಸರೊಂದಿದೆ. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿ, ಇಂದು ನಾವು ಯು.ವಿ.ಸಿ.ಇ. ಎಂದು ಕರೆಯುವ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. ಚಿತ್ರದ ಏರಿಳಿತಗಳನ್ನು ಕೊಸೈನ್ ಅಲೆಗಳಾಗಿ ಬಿಡಿಸಿದರೆ ಕಡಿಮೆ ಅಂಕಿಗಳಲ್ಲಿ ಹಿಡಿದಿಡಬಹುದೆಂದು ಅವರಿಗೆ ಹೊಳೆಯಿತು. 1972ರಲ್ಲಿ ಸಂಶೋಧನೆಗೆ ಧನಸಹಾಯ ಕೇಳಿದರೆ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ನಿರಾಕರಿಸಿತು. ವಿಚಾರ ತೀರ ಸರಳವಾಯಿತೆಂಬುದು ಒಬ್ಬ ಪರಿಶೀಲಕರ ಆಕ್ಷೇಪಣೆ. ಅಹ್ಮದರು ಬಿಡಲಿಲ್ಲ. ಶಿಷ್ಯ ಟಿ. ನಟರಾಜನ್ ಹಾಗೂ ಮಿತ್ರ ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಲೇಖನ ಪ್ರಕಟಿಸಿದರು. ಮುಂದೆ 1992ರಲ್ಲಿ ಒಪ್ಪಿಗೆ ಪಡೆದ ಜೆಪೆಗ್ ಮಾದರಿಗೆ ಇದೇ ಬುನಾದಿ. ಎಂಟಕ್ಕೆ ಎಂಟು ಚುಕ್ಕಿಗಳ ಚೌಕಗಳಾಗಿ ಚಿತ್ರವನ್ನು ಕತ್ತರಿಸಿ, ಪ್ರತಿಯೊಂದನ್ನೂ ಅಲೆಗಳಾಗಿ ಬಿಡಿಸಿ, ಕಣ್ಣಿಗೆ ತಿಳಿಯದ ನಯವಾದ ವಿವರಗಳನ್ನು ಕೈಬಿಡುವುದು ಅದರ ರೀತಿ. ಜೆಪೆಗ್ ಸಮಿತಿ ಕುಗ್ಗಿಸುವ ಕ್ರಮವನ್ನು ವಿವರವಾಗಿ ಹೇಳಿತಾದರೂ ಅದನ್ನು ಕಡತವಾಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸುವ ಬಗೆಯನ್ನು ಪೂರ್ತಿಯಾಗಿ ಹೇಳಿರಲಿಲ್ಲ. ಆ ಕೊರತೆಯನ್ನು ಸಿ-ಕ್ಯೂಬ್ ಕಂಪನಿಯ ಎರಿಕ್ ಹ್ಯಾಮಿಲ್ಟನ್ ಸಿದ್ಧಪಡಿಸಿದ ಕೆಲವೇ ಪುಟಗಳ ಟಿಪ್ಪಣಿ ತುಂಬಿತು. ಟಾಮ್ ಲೇನ್ ಮುಂದಾಳತ್ವದ ಸ್ವತಂತ್ರ ಗುಂಪೊಂದು ಅದನ್ನು ಎಲ್ಲ ವ್ಯವಸ್ಥೆಗಳಲ್ಲೂ ನಡೆಯುವ ಉಚಿತ ತಂತ್ರಾಂಶವಾಗಿ ಹಂಚಿತು.

ಇಲ್ಲೊಂದು ನಮ್ಮದೇ ಮಾತು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹೊರನಾಡಿನ ನಾವು ಕನ್ನಡದಲ್ಲಿ ಟೈಪುಮಾಡಿ ಕಳಿಸಿದ್ದು, ಅದೇ ಫಾಂಟ್ ಇಲ್ಲದವರ ಗಣಕದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತಲ್ಲವೇ? ಆಗ ನಾವು ಮಾಡುತ್ತಿದ್ದುದೇನು? ಆಹ್ವಾನಪತ್ರಿಕೆಯನ್ನು ಜಿಫ್ ಅಥವಾ ಜೆಪೆಗ್ ಚಿತ್ರವನ್ನಾಗಿ ಮಾಡಿ ಕಳಿಸುತ್ತಿದ್ದೆವು. ಅಕ್ಷರ ದಾಟಲಾರದ ಗಡಿಯನ್ನು ಅಕ್ಷರದ ಚಿತ್ರ ದಾಟುತ್ತಿತ್ತು.

ಜಿಫ್‌ನ ಪೇಟೆಂಟ್ ಅವಧಿ ಅಮೆರಿಕದಲ್ಲಿ 2003ರ ಜೂನ್‌ನಲ್ಲಿ ಮುಗಿಯಿತು. 2017ರಲ್ಲಿ ಆಪಲ್ ತನ್ನ ಫೋನುಗಳಲ್ಲಿ ಹೈಕ್ ಎಂಬ ಹೊಸ ಮಾದರಿ ತಂದಾಗ ಬೇರೆ ಗಣಕಗಳಲ್ಲಿ ಅದು ತೆರೆಯದೆ ಜನ ಮತ್ತೆ ಪರದಾಡಿದರು. ಅದರ ಹಿಂದೆಯೂ ಪೇಟೆಂಟುಗಳ ಗೋಜಲಿದೆ.

ಇನ್ನು ಸಿ.ಡಿ.ಯ ಕಥೆ. ಹಳೆಯ ಮೆಕಿಂಟಾಷಿನಲ್ಲಿ ಕಡತ ಯಾವ ಜಾತಿಯದೆಂಬುದು ಹೆಸರಿನಲ್ಲಿ ಇರುತ್ತಿರಲಿಲ್ಲ. ನಾಲ್ಕಕ್ಷರದ ಸಂಕೇತವಾಗಿ ಬೇರೆಡೆ ದಾಖಲಾಗಿರುತ್ತಿತ್ತು. ಬೇರೆ ವ್ಯವಸ್ಥೆಗೆ ಹೋದಾಗ ಆ ದಾಖಲೆ ಕಳಚಿಹೋಗುತ್ತಿತ್ತು. ಅಂದು ಪುಟವಿನ್ಯಾಸ ಮಾಡುವವರಲ್ಲಿ ಮೆಕಿಂಟಾಷ್ ಸಾಮಾನ್ಯವಾಗಿತ್ತೆಂಬುದು ನೆನಪಾಗಿ, ಕಡತದ ಬೈಟುಗಳನ್ನು ತೆರೆದು ನೋಡಿದೆ. ಮೊದಲ 512 ಬೈಟುಗಳೂ ಸೊನ್ನೆ! ಮೆಕಿಂಟಾಷಿನ ಪಿಕ್ಟ್ ಮಾದರಿಯ ಲಕ್ಷಣವದು. ಹೆಸರಿನ ಮುಂದೆ ಚುಕ್ಕಿ ಹಾಕಿ ಮೂರಕ್ಷರ ಸೇರಿಸಿ, ಉಚಿತವಾಗಿ ದೊರೆಯುವ ತಂತ್ರಾಂಶವೊಂದರಿಂದ ತೆರೆದಾಗ 23ರಲ್ಲಿ 21 ತೆರೆದವು. ಹದಿನಾಲ್ಕನೆಯದರಲ್ಲಿ ದುರ್ಯೋಧನ, ಹೆಗಲ ಮೇಲೆ ಗದೆ. ಚಿತ್ರ ತುಸು ಮಂಕಾಗಿತ್ತು. ಕಾರಣ ಗೊತ್ತಿದ್ದರಿಂದ ಬೆಳಕನ್ನು ಸರಿಪಡಿಸಿದೆ. ಸಂಘಕ್ಕೆಂದು ಎಲ್ಲವನ್ನೂ ಪಿ.ಎನ್.ಜಿ. ಮಾಡಿಟ್ಟು, ಆ ಒಂದನ್ನು ಜೆಪೆಗ್ ಮಾಡಿ ಆ ತಾಯಿಯ ಫೋನಿಗೆ ಕಳಿಸಿದೆ.

ಸಂಜೆ ಅವರ ಕರೆ ಬಂತು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಕಿರೀಟ ಓರೆಯಾಗಿದೆ ನೋಡು. ಆವತ್ತೇ ಹೇಳಿದ್ದೆ, ಕೇಳಲಿಲ್ಲ” ಎಂದರು.