ತುರ್ಕ, ತುರುಷ್ಕ, ತುರುಕ: ಒಂದು ಹೆಸರಿನ ಅಲೆದಾಟ

ನಮ್ಮ ಹಳ್ಳಿಗಳಲ್ಲಿ ಮುಸ್ಲಿಮರನ್ನು 'ತುರುಕರು' ಎನ್ನುವ ರೂಢಿ ಹಳೆಯದು. ಕೆಲವರ ಬಾಯಲ್ಲಿ ಅದು ಒಂದು ಜಾತಿಯ ಹೆಸರಿನಂತೆ ಸಹಜವಾಗಿ ಬರುತ್ತದೆ. ಜಗಳದ ಹೊತ್ತಿನಲ್ಲಿ ಅದೇ ಬೈಗುಳವಾಗುತ್ತದೆ. ಎರಡು ಸಂದರ್ಭಗಳಲ್ಲೂ ತುರ್ಕಿ ದೇಶದ ನೆನಪು ಯಾರಿಗೂ ಇರುವುದಿಲ್ಲ.

ಈ ಹೆಸರಿಗೆ ಆರಂಭದಲ್ಲಿ ಇಸ್ಲಾಮಿನ ನಂಟೇ ಇರಲಿಲ್ಲ. ಮಂಗೋಲಿಯಾದ ಓರ್ಖಾನ್ ಕಣಿವೆಯ 8ನೇ ಶತಮಾನದ ಶಾಸನಗಳಲ್ಲಿ ತಮ್ಮನ್ನು ತುರ್ಕರೆಂದು ಕರೆದುಕೊಂಡವರು ಆಕಾಶದೈವ ತೆಂಗ್ರಿಯನ್ನು ನಂಬಿದವರು. 12ನೇ ಶತಮಾನದಲ್ಲಿ 'ರಾಜತರಂಗಿಣಿ' ಬರೆದ ಕಲ್ಹಣ, ವಿಹಾರಗಳನ್ನು ಕಟ್ಟಿಸಿದ ಕನಿಷ್ಕ ಮುಂತಾದವರನ್ನು ತುರುಷ್ಕ ವಂಶದವರೆನ್ನುತ್ತಾನೆ. ಮುಂದೆ ಅದೇ ಕಲ್ಹಣ, ದೇವಾಲಯಗಳ ವಿಗ್ರಹಗಳನ್ನು ಕೀಳಿಸಿದ ಕಾಶ್ಮೀರದ ಹಿಂದೂ ಅರಸ ಹರ್ಷನನ್ನೂ 'ತುರುಷ್ಕ' ಎಂದು ಹಳಿಯುತ್ತಾನೆ. ಒಂದೇ ಗ್ರಂಥದಲ್ಲಿ ಈ ಪದ ಒಮ್ಮೆ ಕುಲದ ಹೆಸರು, ಇನ್ನೊಮ್ಮೆ ನಿಂದೆ.

ತುರ್ಕರ ನಾಡಿನಲ್ಲೂ ಈ ಪದಕ್ಕೆ ಸದಾ ಗೌರವವಿರಲಿಲ್ಲ. ಇಸ್ತಾಂಬುಲಿನ ಆಳುವ ವರ್ಗ ತಮ್ಮನ್ನು 'ಉಸ್ಮಾನ್ಲಿ' ಎಂದುಕೊಳ್ಳುತ್ತಿತ್ತು. ಅವರ ಮಾತಿನಲ್ಲಿ 'ತುರ್ಕ' ಎಂದರೆ ಅನಾತೋಲಿಯಾದ ಒರಟು ಹಳ್ಳಿಗ. 1923ರಲ್ಲಿ ಗಣರಾಜ್ಯ ಬಂತು. 1924ರ ಸಂವಿಧಾನ ಮತ, ಜನಾಂಗಗಳ ಭೇದವಿಲ್ಲದೆ ಎಲ್ಲ ನಾಗರಿಕರಿಗೂ 'ತುರ್ಕ' ಎಂಬ ಹೆಸರು ಕೊಟ್ಟಿತು. 1934ರಲ್ಲಿ ಮುಸ್ತಫಾ ಕಮಾಲ್ 'ಅತಾತುರ್ಕ್', ಅಂದರೆ ತುರ್ಕರ ತಂದೆ, ಎನಿಸಿದರು. ಹಳ್ಳಿಗನ ಹೆಸರು ರಾಷ್ಟ್ರದ ಬಿರುದಾಯಿತು.

ಹೊರಗಿನವರು ಈ ಪದವನ್ನು ತಮಗೆ ಬೇಕಾದಂತೆ ಬಳಸಿಕೊಂಡರು. ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿ 'ತುರ್ಕನಾಗುವುದು' ಎಂದರೆ ಮುಸ್ಲಿಮನಾಗುವುದು. ಫ್ರೆಂಚರಿಗೆ ಬಲಶಾಲಿಯಾದವನು 'ತುರ್ಕನಷ್ಟು ಗಟ್ಟಿ'. ಜರ್ಮನ್ ಭಾಷೆಯಲ್ಲಿ ಈ ಹೆಸರಿನಿಂದಾದ ಕ್ರಿಯಾಪದಕ್ಕೆ ನಕಲಿ ಮಾಡು ಎಂಬ ಅರ್ಥ. ಉಸ್ಮಾನಿ ಪಾಸ್‌ಪೋರ್ಟ್ ಹಿಡಿದು ಲ್ಯಾಟಿನ್ ಅಮೆರಿಕಕ್ಕೆ ಹೋದ ಸಿರಿಯಾ, ಲೆಬನಾನಿನ ಅರಬರು, ಅವರಲ್ಲಿ ಬಹುಪಾಲು ಕ್ರೈಸ್ತರು, ಅಲ್ಲಿ 'ತುರ್ಕೊ'ಗಳಾದರು. ಸಿರಿಯಾ ಮೂಲದ ಕಾರ್ಲೋಸ್ ಮೆನೆಮ್ 1989ರಲ್ಲಿ ಅರ್ಜೆಂಟೀನಾದ ಅಧ್ಯಕ್ಷರಾದ ಮೇಲೂ ಈ ಅಡ್ಡಹೆಸರು ಅವರನ್ನು ಬಿಡಲಿಲ್ಲ. ಇತ್ತ ಭಾರತದಲ್ಲಿ, 1908ರ ಕ್ರಾಂತಿ ನಡೆಸಿದ 'ಯಂಗ್ ಟರ್ಕ್'ಗಳ ಹೆಸರು ಕಾಂಗ್ರೆಸ್ಸಿನೊಳಗೆ ಬಂಡೆದ್ದ ಚಂದ್ರಶೇಖರ್ ಅವರಿಗೆ ಪ್ರಶಂಸೆಯಾಗಿ ಸಂದಿತು.

ದಕ್ಷಿಣದಲ್ಲಿ ತುರ್ಕ ದಂಡಾಳುಗಳ ಹೆಸರು ಕ್ರಮೇಣ ಎಲ್ಲ ಮುಸ್ಲಿಮರಿಗೂ ಅಂಟಿತು: ತಮಿಳಿನ 'ತುಲುಕ್ಕರ್', ತೆಲುಗಿನ 'ತುರಕ', ಕನ್ನಡದ 'ತುರುಕ'. ಅರಬ್ಬೀ ಕಡಲ ವ್ಯಾಪಾರದ ನಂಟುಳ್ಳ ಭಟ್ಕಳದ ನವಾಯತರಿಗಾಗಲಿ, ಮಂಗಳೂರಿನ ಬ್ಯಾರಿಗಳಿಗಾಗಲಿ, ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ಪಿಂಜಾರರಿಗಾಗಲಿ ಅನಾತೋಲಿಯಾ ಎತ್ತಣ ಊರು? ಆದರೆ ಶ್ರೀರಂಗದಲ್ಲಿ ಇದೇ ಪದ ಪೂಜೆಯನ್ನೂ ಪಡೆದಿದೆ. ದೇವರಿಗೆ ಒಲಿದ ಸುಲ್ತಾನನ ಮಗಳೆಂದು ಐತಿಹ್ಯ ಹೇಳುವ ಆಕೆ ಅಲ್ಲಿ 'ತುಲುಕ್ಕ ನಾಚ್ಚಿಯಾರ್'. ನಮ್ಮ ಮೇಲುಕೋಟೆಯಲ್ಲಿ ಆಕೆಯೇ ಬೀಬಿ ನಾಚ್ಚಿಯಾರ್.

ಅಮೆರಿಕದಿಂದ ಬಂದ ಒಂದು ಹಕ್ಕಿಯನ್ನು ಇಂಗ್ಲಿಷರು 'ಟರ್ಕಿ' ಎಂದರು. ತುರ್ಕರು ಅದನ್ನೇ 'ಹಿಂದಿ', ಅಂದರೆ ಭಾರತದ್ದು, ಎನ್ನುತ್ತಾರೆ. ಹಕ್ಕಿಗೆ ತಪ್ಪು ವಿಳಾಸದಿಂದ ನಷ್ಟವಿಲ್ಲ. ನೆರೆಮನೆಯವನನ್ನು ದೂರದೇಶದ ಹೆಸರಿನಿಂದ ಹಂಗಿಸಿದರೆ, ಈ ಊರು ನಿನ್ನದಲ್ಲ ಎಂದಂತಾಗುತ್ತದೆ. ಅವನ ಅಜ್ಜನ ಗೋರಿ ಮಾತ್ರ ಇದೇ ಊರಿನಲ್ಲಿದೆ.