ಅಲಂಕಾರಿಕ ಮರಗೆತ್ತನೆ ಮತ್ತು ಪೀಠೋಪಕರಣ (ಕರ್ನಾಟಕ)

ಮರಗೆತ್ತನೆ ಕರ್ನಾಟಕದಲ್ಲಿ ಹಳೆಯ ಕಸುಬು; ಅದು ಕುರ್ಚಿ, ಮೇಜು, ಬೀರುಗಳ ಮೇಲೆ ಬಂದದ್ದು ಮಾತ್ರ ಈಚೆಗೆ. ಚಾಪೆ ಹಾಸಿ ಕೂರುತ್ತಿದ್ದ ಮನೆಗಳಲ್ಲಿ ಪೀಠೋಪಕರಣವೇ ಕಡಿಮೆ. ಬಡಗಿಯ ಕೈಚಳಕವೆಲ್ಲ ತಲೆಬಾಗಿಲು, ತೊಟ್ಟಿಮನೆಯ ಕಂಬ, ತೊಟ್ಟಿಲು, ತೂಗುಮಣೆ, ದೇವರ ಮಂಟಪ ಮತ್ತು ಊರ ತೇರಿನಲ್ಲಿ ಕಾಣುತ್ತಿತ್ತು. ಅರಮನೆಗಳಲ್ಲೂ ಕಟ್ಟಡಕ್ಕೇ ಮೊದಲ ಮಣೆ. ಬೀದರ್ ಕೋಟೆಯ ರಂಗೀನ್ ಮಹಲಿನ ಕೆತ್ತಿದ ಮರದ ಕಂಬಗಳು 16ನೇ ಶತಮಾನದವು. 1791ರಲ್ಲಿ ಮುಗಿದ ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೆ ತೇಗದ ಕಂಬ, ಕಮಾನುಗಳ ಮೇಲೆ ನಿಂತಿದೆ.

ಮಲೆನಾಡಿನ ಸಾಗರ, ಸೊರಬ, ಶಿರಸಿ ಮತ್ತು ಕರಾವಳಿಯ ಕುಮಟಾದ ಗುಡಿಗಾರರು ಈ ಕಲೆಯ ಅತಿ ಸೂಕ್ಷ್ಮ ಕೈಗಳು. ಒಂದಕ್ಕೊಂದು ಹೆಣೆದ ಬಳ್ಳಿಗಳ ನಡುವೆ ದೇವತೆಯ ಮೂರ್ತಿ ಕೂರಿಸುವ ಅವರ ಗಂಧದ ಪೆಟ್ಟಿಗೆಗಳನ್ನು ಬಿ.ಎಲ್. ರೈಸ್ ಮೈಸೂರು ಗ್ಯಾಸೆಟಿಯರಿನಲ್ಲಿ ಬಣ್ಣಿಸಿದ್ದಾರೆ. ಗಂಧದ ಮರ ಟಿಪ್ಪುವಿನ ಕಾಲದಿಂದ ಸರ್ಕಾರದ ಸೊತ್ತಾಗಿತ್ತು. ಬೆಳೆದವನಿಗೇ ಅದರ ಒಡೆತನ ಸಿಕ್ಕಿದ್ದು 2001ರ ಕಾಯ್ದೆ ತಿದ್ದುಪಡಿಯಿಂದ. ಹೀಗಾಗಿ ಗುಡಿಗಾರರ ಕೆಲಸದ ಅಳತೆಯನ್ನು ಉಳಿಗಿಂತ ಹೆಚ್ಚಾಗಿ ಸರ್ಕಾರಿ ಡಿಪೋ ನಿರ್ಧರಿಸಿತು. ಗಂಧ ಸಿಗದಿದ್ದಾಗ ಶಿವನೆ ಮರವೇ ಗತಿ.

ಕಸುಬಿಗೆ ಹೊಸ ತಿರುವು ಬಂದದ್ದು ಮೈಸೂರಿನಲ್ಲಿ, ಅದೂ ಒಂದು ಬೆಂಕಿಯಿಂದ. 1897ರಲ್ಲಿ, ರಾಜಕುಮಾರಿಯ ಮದುವೆಯ ಸಮಯದಲ್ಲಿ, ಹಳೆಯ ಮರದ ಅರಮನೆ ಸುಟ್ಟಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ ಮುಗಿದದ್ದು 1912ರಲ್ಲಿ. ತೇಗದ ಕೆತ್ತನೆಯ ಮುಚ್ಚಿಗೆ, ದಂತ ಕೂರಿಸಿದ ಬೀಟೆಯ ಬಾಗಿಲುಗಳು ಅಲ್ಲಿ ಇಂದಿಗೂ ಇವೆ. 1906ರಲ್ಲಿ ಅಡಿಗಲ್ಲು ಕಂಡ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಮನೆಯೊಳಗೆ ತಂದೆಯಿಂದ ಮಗನಿಗೆ ಬರುತ್ತಿದ್ದ ವಿದ್ಯೆಯನ್ನು ತರಗತಿಗೆ ತಂದಿತು.

ಬೀಟೆಯಲ್ಲಿ ದಂತ ಕೂರಿಸುವ ಈ ಮೈಸೂರು ಕುಸುರಿಯನ್ನು ಕೆತ್ತನೆ ಎನ್ನಬಹುದೇ ಎಂಬ ತಕರಾರುಂಟು. ಉಳಿಯಿಲ್ಲದೆ ಅದೂ ಆಗದು, ಆದ್ದರಿಂದ ಇಲ್ಲಿ ಬಿಡುವಂತಿಲ್ಲ. ಚಿತ್ರದ ತುಣುಕುಗಳನ್ನು ಸಣ್ಣ ಗರಗಸದಿಂದ ಕತ್ತರಿಸಿ, ಬೀಟೆ ಹಲಗೆಯ ಮೇಲಿಟ್ಟು ಅಂಚು ಗೀರಿ, ಅಷ್ಟೇ ಆಳ ಅಗೆದು, ಅಂಟಿಸಿ, ಉಜ್ಜಿ ಸಮ ಮಾಡುತ್ತಾರೆ. ಮುಖ, ಉಡುಪುಗಳ ಗೆರೆಗಳನ್ನು ಕೊನೆಗೆ ಕೊರೆದು ಕಪ್ಪು ತುಂಬುತ್ತಾರೆ. ಆನೆದಂತದ ವ್ಯಾಪಾರಕ್ಕೆ ಕಾನೂನು ಕಡಿವಾಣ ಹಾಕಿದ ಮೇಲೆ ಪ್ಲಾಸ್ಟಿಕ್ ಮತ್ತು ಬೇರೆ ಬೇರೆ ಬಣ್ಣದ ಮರಗಳು ಆ ಜಾಗಕ್ಕೆ ಬಂದವು. ಪ್ಲಾಸ್ಟಿಕ್ಕಿನ ಬಿಳುಪು ಕಣ್ಣಿಗೆ ಚುಚ್ಚುತ್ತದೆ. ಹಲಸಿನ ಹಳದಿ ಎಷ್ಟೋ ವಾಸಿ. ಈ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. 2017ರಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟು ರಫ್ತಿಗೆ ಕಾಗದಪತ್ರದ ತೊಡಕು ಹೆಚ್ಚಿತು.

ಬೆಂಗಳೂರಿನಲ್ಲಿ ಸರ್ಕಾರವೇ ದೊಡ್ಡ ಗಿರಾಕಿಯಾಯಿತು: 1956ರಲ್ಲಿ ಮುಗಿದ ವಿಧಾನಸೌಧದ ಸಂಪುಟ ಸಭಾಂಗಣಕ್ಕೆ ಗಂಧದ ಕೆತ್ತನೆಯ ಬಾಗಿಲು ಬಂತು. ಈಗ ಗಿರಾಕಿ ಹೊಸ ಮನೆಯವನು. ಇಟ್ಟಮಡು, ಬನಶಂಕರಿ, ಜೆ.ಪಿ. ನಗರದ ಮನೆಗಳ ಮುಂಬಾಗಿಲು, ದೇವರ ಕೋಣೆಗಳಲ್ಲಿ ಕಾಣುವ ಗಜಲಕ್ಷ್ಮಿ, ನವಿಲುಗಳನ್ನು ಬಹುಪಾಲು ಕೊರೆಯುವುದು ಸಿಎನ್‌ಸಿ ಯಂತ್ರ. ವಿನ್ಯಾಸಕಾರ ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಾನೆ, ತಿರುಗುವ ಅಲಗು ಅದನ್ನು ತೇಗದಲ್ಲಿ ಇಳಿಸುತ್ತದೆ. ಆದರೆ ದುಂಡನೆಯ ಅಲಗು ಚೂಪು ಮೂಲೆಗಳಿಗೆ, ಎಲೆಯಡಿಯ ಸಂದಿಗೆ ಹೋಗುವುದಿಲ್ಲ. ಅಷ್ಟನ್ನು ಆಚಾರಿ ಉಳಿ, ಕೊಡತಿ ಹಿಡಿದು ಬಿಡಿಸಬೇಕು. ಒಳ್ಳೆಯ ಕೆಲಸಕ್ಕೂ ಅಗ್ಗದ ಕೆಲಸಕ್ಕೂ ಇರುವ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.