ಕಾರಣ ಕಾಣದ ದೈಹಿಕ ತೊಂದರೆಗಳು ಮತ್ತು ಮನೋಚಿಕಿತ್ಸೆ: ದಕ್ಷಿಣ ಕನ್ನಡ

ತಲೆನೋವು, ಎದೆ ಹಿಡಿತ, ಹೊಟ್ಟೆ ಸಂಕಟ, ಕೈಕಾಲು ಜೋಮು, ಇದ್ದಕ್ಕಿದ್ದಂತೆ ಮೂರ್ಛೆ. ತೊಂದರೆ ತಿಂಗಳುಗಟ್ಟಲೆ ಕಾಡುತ್ತದೆ. ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಯಾವುದರಲ್ಲೂ ಕಾರಣ ಸಿಗುವುದಿಲ್ಲ. ಇಂಥ ರೋಗಿಗಳ ಜೊತೆ ಮಾತಿನ ಮೂಲಕ ನಡೆಸುವ ಚಿಕಿತ್ಸೆಗೆ ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದು ದಕ್ಷಿಣ ಕನ್ನಡದ ಹಳ್ಳಿಗಳ ಆಧಾರದ ಮೇಲೆ.

ಯುರೋಪಿನಲ್ಲಿ ಈ ಚಿಕಿತ್ಸೆಯ ಕಥೆ ಹಿಸ್ಟೀರಿಯಾದ ಹೆಸರಿನಲ್ಲಿ ಆರಂಭವಾಯಿತು. ಪ್ಯಾರಿಸ್‌ನಲ್ಲಿ ಶಾರ್ಕೋ, ವಿಯೆನ್ನಾದಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಎಂಬ ವೈದ್ಯರು ಅದರ ಹಿಂದಿದ್ದರು. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಅಧ್ಯಯನಗಳಿಂದ ಮಾತೇ ಮದ್ದಾಗಬಲ್ಲದು ಎಂಬ ವಿಚಾರ ಬಲಗೊಂಡಿತು. ಭಾರತದಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲಿ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಕನ್ನಡದ ಓದುಗರಿಗೆ ಮನಸ್ಸಿನ ಕಾಯಿಲೆಗಳನ್ನು ಸರಳವಾಗಿ ತಿಳಿಸಿದವರಲ್ಲಿ ಡಾ. ಎಂ. ಶಿವರಾಂ ಪ್ರಮುಖರು, ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಮನೋಚಿಕಿತ್ಸಕರು ಕಾಲಿಡುವ ಬಹಳ ಮೊದಲೇ ಈ ತೊಂದರೆಗಳಿಗೆ ಬೇರೆ ದಾರಿಗಳಿದ್ದವು: ಪಂಡಿತರ ಕಷಾಯ, ಮಂತ್ರವಾದಿಯ ನೂಲು, ಜೋಯಿಸರ ಪ್ರಶ್ನೆ, ದೈವದ ದರ್ಶನ. ಇಂಥ ದಾರಿಗಳ ಪೈಕಿ ವಿದ್ವಾಂಸರ ಗಮನವನ್ನು ಹೆಚ್ಚು ಸೆಳೆದದ್ದು ಹೆಂಗಸರ ಮೇಲೆ ಸಿರಿಯ ಆವೇಶ ಬರುವ ಸಿರಿ ಜಾತ್ರೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1975ರಲ್ಲಿ ಇದರ ಬಗ್ಗೆ ಬರೆದರು. ಬೆಳ್ತಂಗಡಿ ತಾಲೂಕಿನ ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು, ಅಂದರೆ ಸಿರಿಯ ಕಥೆ ಹೇಳುವ ತುಳು ಹಾಡುಗಬ್ಬವನ್ನು, ಫಿನ್ಲೆಂಡಿನ ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ತಂಡ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿತು. 1998ರಲ್ಲಿ ಅಚ್ಚಾದಾಗ ಅದರಲ್ಲಿ 15,683 ಸಾಲುಗಳಿದ್ದವು. ನಾಯ್ಕರು ಬರೀ ಹಾಡುಗಾರರಲ್ಲ, ಸಿರಿ ಆವೇಶದ ಹೆಂಗಸರ ಗುಂಪಿಗೆ ಮುಂದಾಳು ಕೂಡ.

ಜಾತ್ರೆಯಲ್ಲಿ ನಡೆಯುವುದೇನು? ಕಾರಣ ತಿಳಿಯದ ಬಳಲಿಕೆ, ಮೂರ್ಛೆ, ಮೌನದಿಂದ ನರಳುವ ಹೆಣ್ಣನ್ನು ಮನೆಯವರು ಕರೆತರುತ್ತಾರೆ. ಕೈಯಲ್ಲಿ ಅಡಿಕೆಯ ಹಿಂಗಾರ. ಪಾಡ್ದನದಲ್ಲಿ ಸಿರಿಯ ಮಗನಾದ ಕುಮಾರನ ಆವೇಶದಲ್ಲಿರುವ ಗಂಡಸು ಅವಳನ್ನು ಪ್ರಶ್ನಿಸುತ್ತಾನೆ: ನೀನು ಯಾರು, ಏನು ಬೇಕು, ಯಾಕೆ ಕಾಡುತ್ತೀ? ಉತ್ತರಿಸುವವಳು ಸಿರಿಯೋ, ಅವಳ ಮಗಳು ಸೊನ್ನೆಯೋ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ-ದಾರಗರಲ್ಲಿ ಒಬ್ಬಳೋ ಎಂದು ಗೊತ್ತಾಗುವ ಹೊತ್ತಿಗೆ ಮನೆಯವರು ಎದುರಿಗೇ ನಿಂತಿರುತ್ತಾರೆ. ಗಂಡನಿಂದ ಅನ್ಯಾಯವಾದಾಗ ಅವನನ್ನೇ ಬಿಟ್ಟು ಹೊರಟವಳು ಪಾಡ್ದನದ ಸಿರಿ. ಅವಳ ಬಾಯಲ್ಲಿ ಬಂದ ಮಾತನ್ನು ಅತ್ತೆ, ಗಂಡ, ಭಾವಂದಿರು ತಳ್ಳಿಹಾಕುವಂತಿಲ್ಲ. ಸಿರಿಯೆಂದು ಗೊತ್ತಾದವಳು ಗುಂಪಿಗೆ ಸೇರಿ ವರ್ಷವರ್ಷವೂ ಬರುತ್ತಾಳೆ. ಇದನ್ನು ಮನೋಚಿಕಿತ್ಸೆ ಎಂದೇ ಕರೆಯುವುದು ಅತಿಯಾದೀತು. ಭಕ್ತರಿಗೆ ಅದು ಸೇವೆ. ಆದರೆ ಕ್ಲಿನಿಕ್ಕಿನಲ್ಲಿ ಇಂದಿಗೂ ಕಷ್ಟವಾಗಿರುವ ಕೆಲಸ, ಅಂದರೆ ಇಡೀ ಕುಟುಂಬವನ್ನು ಕೂರಿಸಿ ಕೇಳಿಸುವುದು, ಇಲ್ಲಿ ಸಲೀಸಾಗಿ ನಡೆಯುತ್ತದೆ.

ಮನೋವೈದ್ಯರು ಈ ಕರಾವಳಿಗೆ ಅಧ್ಯಯನಕ್ಕೆ ಬಂದ ಮೊದಲ ದೊಡ್ಡ ಪ್ರಯತ್ನ ಈಗ ಉಡುಪಿ ಜಿಲ್ಲೆಯಲ್ಲಿರುವ ಕೋಟದಲ್ಲಿ ನಡೆಯಿತು. ಆಗಿನ್ನೂ ಉಡುಪಿ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಮನೆಮನೆಗೆ ಹೋಗಿ ಬ್ರಾಹ್ಮಣರು, ಬಂಟರು, ಮೊಗವೀರರ ಮಾನಸಿಕ ತೊಂದರೆಗಳನ್ನು ದಾಖಲಿಸಿದರು. 1976ರಲ್ಲಿ ಅವರ ಪುಸ್ತಕ ಬಂತು. ಜನ ವೈದ್ಯ, ಮಂತ್ರವಾದಿ, ದೈವ ಮೈದುಂಬುವ ಪಾತ್ರಿ, ಇಂಗ್ಲಿಷ್ ಡಾಕ್ಟರ್ ಎಲ್ಲರ ಬಳಿಗೂ ಹೋಗುತ್ತಿದ್ದರು.

ಎಪ್ಪತ್ತರ ದಶಕದಲ್ಲೇ ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಜಿಲ್ಲೆಯಲ್ಲಿ ನೆಲೆಸಿ ಹವ್ಯಕ ಹೆಂಗಸರ ಬದುಕನ್ನು ಗಮನಿಸಿದರು. ಬಂಟ್ವಾಳ ತಾಲೂಕಿನ ವಿಟ್ಲದ ಕಡೆ, ಪುತ್ತೂರು, ಕಾಸರಗೋಡಿನ ತೋಟಗಳಲ್ಲಿ ಈ ಸಮುದಾಯ ದಟ್ಟವಾಗಿದೆ. ಕೂಡುಕುಟುಂಬದಲ್ಲಿ ಬಾಯಿಬಿಟ್ಟು ಹೇಳಲಾಗದ ಸಂಕಟ ಊಟ ಸೇರದಿರುವುದು, ಮೈ ಇಳಿಯುವುದು, ಅತಿ ಮಡಿ, ಉಪವಾಸ, ಮುಟ್ಟಿನ ದೂರು, ಆವೇಶ, ವೈದ್ಯರಿಂದ ವೈದ್ಯರಿಗೆ ಅಲೆದಾಟ ಇವುಗಳ ಮೂಲಕ ಹೊರಬರುವುದನ್ನು 1981ರ ಲೇಖನದಲ್ಲಿ ಅವರು ವಿವರಿಸಿದರು. ಸಂಕಟ ಹೇಳಿಕೊಳ್ಳಲು ಪ್ರತಿ ಸಮಾಜಕ್ಕೂ ತನ್ನದೇ ನುಡಿಗಟ್ಟು ಇರುತ್ತದೆ ಎಂಬ ಅವರ ಪರಿಕಲ್ಪನೆ ವಿಶ್ವದಾದ್ಯಂತ ಬಳಕೆಗೆ ಬಂದು, 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಆವೃತ್ತಿಯಲ್ಲೂ ಸ್ಥಾನ ಪಡೆಯಿತು. ಅದೇ ಆವೃತ್ತಿ ಇನ್ನೊಂದು ಬದಲಾವಣೆಯನ್ನೂ ಮಾಡಿತು: ತೊಂದರೆಗೆ ವೈದ್ಯಕೀಯ ಕಾರಣ ಸಿಗಲಿಲ್ಲ ಎಂಬುದೇ ಇನ್ನು ರೋಗನಿರ್ಣಯದ ಆಧಾರವಲ್ಲ, ತೊಂದರೆಯ ಸುತ್ತಲಿನ ಅತಿಯಾದ ಭಯ, ಚಿಂತೆ, ಅಲೆದಾಟಗಳನ್ನು ನೋಡಬೇಕು.

ನಿಮ್ಹಾನ್ಸ್‌ನ ಆರ್. ರಘುರಾಮ್, ಚನ್ನಬಸವಣ್ಣ ಮತ್ತು ಅಮೆರಿಕದ ಮಿಚೆಲ್ ವೈಸ್ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನ ಸಂಕಟವನ್ನು ಮೈಯ ಮೂಲಕ ಹೇಳುವುದೇಕೆ ಎಂಬುದಕ್ಕೆ ಇನ್ನೊಂದು ಕೊಂಡಿ. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಿಗೆ ಕಳಂಕದ ಭಯ ಹೆಚ್ಚು, ಮೈಯ ಲಕ್ಷಣ ಹೆಚ್ಚಿದ್ದವರಿಗೆ ಕಡಿಮೆ. ಸೊಂಟನೋವು ಎಂದರೆ ಮದುವೆ ಸಂಬಂಧ ತಪ್ಪುವುದಿಲ್ಲ. ಮನಸ್ಸು ಸರಿಯಿಲ್ಲ ಎಂದರೆ ತಪ್ಪೀತು.

ಹಾಗಾಗಿ ಅನುಭವಿ ಚಿಕಿತ್ಸಕರು ಮೊದಲ ದಿನವೇ ಮನಸ್ಸಿನ ಮಾತೆತ್ತುವುದಿಲ್ಲ. ನೋವು ಎಲ್ಲಿ, ಯಾವಾಗಿನಿಂದ, ಯಾರು ಯಾರಿಗೆ ತೋರಿಸಿದ್ದಾಯಿತು, ಜೋಯಿಸರ ಪ್ರಶ್ನೆಯಲ್ಲಿ ಏನು ಕಂಡುಬಂತು ಎಂದು ಪೂರ್ತಿ ಕೇಳುತ್ತಾರೆ. ‘ಏನೂ ಇಲ್ಲ, ಎಲ್ಲಾ ನಾರ್ಮಲ್’ ಎಂಬ ಮಾತು ಈ ರೋಗಿಗಳಿಗೆ ಅವಮಾನ. ನಂತರ ದಿನಚರಿ: ನೋವು ಯಾವ ಹೊತ್ತಿಗೆ ಏರಿತು, ಆಗ ಮನೆಯಲ್ಲಿ ಏನು ನಡೆದಿತ್ತು? ಕೆಲವೊಮ್ಮೆ ಕೋಣೆಯಲ್ಲೇ ಒಂದೆರಡು ನಿಮಿಷ ವೇಗವಾಗಿ ಉಸಿರಾಡಲು ಹೇಳುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಟ್ಟುತ್ತದೆ, ತಲೆ ಹಗುರಾಗುತ್ತದೆ. ‘ಇದೇ ಡಾಕ್ಟ್ರೇ, ಇದೇ ಆಗುವುದು’ ಎಂದು ರೋಗಿ ಹೇಳಿದರೆ ಅರ್ಧ ಕೆಲಸ ಮುಗಿಯಿತು. ಭಯ, ವೇಗದ ಉಸಿರು, ಜೋಮು, ಮತ್ತೆ ಭಯ ಎಂಬ ಸುತ್ತು ಅವರಿಗೇ ಕಾಣುತ್ತದೆ. ನಿಧಾನ ಉಸಿರಾಟ, ಬಿಟ್ಟುಹೋದ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಹಿಡಿಯುವುದು, ಒಬ್ಬರೇ ವೈದ್ಯರನ್ನು ನಿಗದಿತ ದಿನ ಕಾಣುವುದು ಮುಂದಿನ ಹಂತ. ಫಲ ಸಾಧಾರಣ, ಪವಾಡವಲ್ಲ. ಇದರ ನಡುವೆ ಮನೆಯವರು ನಾಗದೋಷಕ್ಕೆಂದು ಆಶ್ಲೇಷಾ ಬಲಿ ಪೂಜೆಗೆ ಹೊರಟರೆ ಮಾಡಿಸಬೇಡಿ ಎಂದು ತಡೆಯುವುದು ಜಾಣತನವಲ್ಲ.

ಎಚ್ಚರಿಕೆಯೂ ಬೇಕು. ಬಂಟ್ವಾಳದಲ್ಲಿ ದಿನವಿಡೀ ಬಗ್ಗಿ ಕುಳಿತು ಬೀಡಿ ಕಟ್ಟುವವಳ ಕತ್ತುನೋವನ್ನು ಮನಸ್ಸಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸುತ್ತಲಿನ ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿ ಜನರ ಆರೋಗ್ಯ ಕೆಟ್ಟ ಕಥೆ ಜಿಲ್ಲೆಗೆ ಗೊತ್ತಿದೆ. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ. ಕಾರಣ ಸಿಗಲಿಲ್ಲ ಎಂದ ಮಾತ್ರಕ್ಕೆ ಕಾರಣ ಇಲ್ಲ ಎಂದಲ್ಲ.

ಈಗ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿದೆ. ಮನೋವೈದ್ಯರು ಮದ್ದು ಬರೆಯಬಲ್ಲರು, ಆದರೆ ವಾರವಾರವೂ ಮುಕ್ಕಾಲು ಗಂಟೆ ಕೂತು ಕೇಳುವ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರನ್ನು ಹುಡುಕಿ ಹಳ್ಳಿಯವರು ಹೆಚ್ಚಾಗಿ ಮಂಗಳೂರಿನ ಬಸ್ಸು ಹತ್ತಬೇಕು. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.